ಮಳೆ ಪುಸ್ತಕದಿಂದ ಕಲಿತ ಗಣಿತ

ಮೂಡಿಗೆರೆ, ಕಳಸದ ಕಡೆಯ ಶಾಲೆಗಳಿಗೆ ಹೋಗಿ, ಕಂಪ್ಯೂಟರ್ ಮತ್ತು ಮೊಬೈಲ್ ಬಳಸಿ ಪಾಠ ಮಾಡುವುದನ್ನು ಶಿಕ್ಷಕರಿಗೆ ಹೇಳಿಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪ್ ತೆರೆಯುವ ಮುಂಚೆ ನಾನು ಕೇಳುವುದು ಇಷ್ಟೆ: ‘ಯಾವ ಪಾಠ ಮಕ್ಕಳ ತಲೆಗೆ ಹತ್ತುತ್ತಿಲ್ಲ ಮೇಡಂ?’

ಬಾಬಾಬುಡನ್‌ಗಿರಿಯ ತಪ್ಪಲಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇದಕ್ಕೆ ಬಂದ ಉತ್ತರ ‘ದತ್ತಾಂಶಗಳ ನಿರ್ವಹಣೆ’. ಮಕ್ಕಳು ಸ್ತಂಭಾಲೇಖ ಬರೆಯುತ್ತಾರೆ, ಆದರೆ ಅದು ಏನು ಹೇಳುತ್ತದೆಂದು ಗೊತ್ತಾಗುವುದಿಲ್ಲ ಎಂದರು ಆ ಮೇಡಂ. ಹೆಚ್ಚಿನ ಮಕ್ಕಳು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳವರು. ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅದನ್ನೇ ಪಾಠಕ್ಕೆ ಬಳಸಲು ಮೇಡಂ ಪಕ್ಕದ ತೋಟದ ರೈಟರ್ (ಗುಮಾಸ್ತ) ಹತ್ತಿರ ಹೋಗಿ ಮಳೆ ಪುಸ್ತಕದ ಪುಟಗಳ ಫೋಟೊ ತೆಗೆದುಕೊಂಡು ಬಂದರು. ಮಕ್ಕಳು ತಿಂಗಳವಾರು ಕೂಡಿಸಿ, ಒಂದು ಇಂಚಿಗೆ 25.4 ಮಿಲಿಮೀಟರ್‌ನಂತೆ ಬದಲಿಸಿ, ಸ್ಪ್ರೆಡ್‌ಶೀಟ್‌ಗೆ ತುಂಬಿದರು.

ಜುಲೈ ಕಂಬ ಪರದೆಯ ನೆತ್ತಿ ಮುಟ್ಟಿತು. ಮಾರ್ಚ್‌ನ ಪುಟ್ಟ ಕಂಬ ಕಂಡು ‘ಅದು ಹೂಮಳೆ’ ಎಂದ ಒಬ್ಬ. ಹೂ ಅರಳಿಸುವ ಆ ಮಳೆ ತಪ್ಪಿದರೆ ತೋಟದಲ್ಲಿ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಮೇಲೆ ಒಬ್ಬಳು ಕೇಳಿದಳು: ‘ಮಿಸ್, ಸರಾಸರಿ ಅಂತ ಬಂತಲ್ಲ, ಅಷ್ಟು ಮಳೆ ಯಾವ ತಿಂಗಳೂ ಬಂದೇ ಇಲ್ಲ?’ ಸರಾಸರಿಯ ಮಿತಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ. ಜುಲೈ ಅಂಕಿಯನ್ನು ಅಳಿಸಿ, ಬದಲಿಸಿ, ಸರಾಸರಿ ಎಷ್ಟು ಜಾರುತ್ತದೆಂದು ಅವರೇ ನೋಡಿದರು. ಕಂಪ್ಯೂಟರ್ ನಿಜವಾಗಿ ಬೇಕಾದದ್ದು ಅಲ್ಲಿ. ಪುಸ್ತಕದಲ್ಲಾದರೆ ಪ್ರತಿ ಸಲ ಮತ್ತೆ ಗೆರೆ ಎಳೆಯುತ್ತ ಕೂರಬೇಕಿತ್ತು.

ಹೀಗೆ ನಡುವೆ ನಿಲ್ಲಿಸಿ ನೋಡುವ ಅವಕಾಶ ಎಲ್ಲ ತಂತ್ರಜ್ಞಾನದಲ್ಲೂ ಇರಲಿಲ್ಲ. ದೂರದಿಂದ ಪಾಠ ಕಳಿಸುವ ಪ್ರಯತ್ನ ನಮ್ಮಲ್ಲಿ ಹಳೆಯದು. 2004ರಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹದ ಮೂಲಕ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಪ್ರಸಾರವಾಯಿತು. ಆದರೆ ಆ ಪ್ರಸಾರವನ್ನು ನಡುವೆ ತಡೆದು ‘ಇಲ್ಲಿ ಏನಾಯಿತು ಹೇಳಿ’ ಎನ್ನಲು ಶಿಕ್ಷಕರಿಗೆ ಆಗುತ್ತಿರಲಿಲ್ಲ. 2017ರಲ್ಲಿ ಬಂದ ದೀಕ್ಷಾ ಆ್ಯಪ್‌ನಲ್ಲಿ ಅದು ಸಾಧ್ಯ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದರೆ ವಿಡಿಯೊ ತೆರೆಯುತ್ತದೆ. ಆದರೆ ಕಳಸದ ಆಷಾಢದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಬೇಕಾದದ್ದನ್ನು ಪೇಟೆಯಲ್ಲೇ ಇಳಿಸಿಕೊಂಡು, ಫೋನ್ ಚಾರ್ಜ್ ಮಾಡಿಕೊಂಡು ಹೋಗುವುದನ್ನೂ ನಾನು ತರಬೇತಿಯ ಭಾಗವಾಗಿಯೇ ಹೇಳಿಕೊಡುತ್ತೇನೆ.

ಈಗ ಶಿಕ್ಷಕರು ಕೃತಕ ಬುದ್ಧಿಮತ್ತೆಯಿಂದ ಲೆಕ್ಕಗಳನ್ನು ಬರೆಸುತ್ತಿದ್ದಾರೆ. ಅದನ್ನು ನಾನು ತಡೆಯುವುದಿಲ್ಲ, ಮೊದಲು ಜೊತೆಗೆ ಕೂತು ಓದೋಣ ಎನ್ನುತ್ತೇನೆ. ಒಮ್ಮೆ ಜುಲೈಯಲ್ಲಿ ಅರೇಬಿಕಾ ಹಣ್ಣು ಕೊಯ್ದು ಅಂಗಳದಲ್ಲಿ ಒಣಗಿಸುವ ಲೆಕ್ಕ ಬಂತು. ಕೂಡುವುದು, ಭಾಗಿಸುವುದು ಎಲ್ಲ ಸರಿ. ಆದರೆ ಕೊಯ್ಲು ಇಲ್ಲಿ ನವೆಂಬರ್ ಹೊತ್ತಿಗೆ. ಆ ತಪ್ಪನ್ನು ಹಿಡಿದ ಮೇಷ್ಟ್ರೊಬ್ಬರು ಲೆಕ್ಕವನ್ನು ತಿದ್ದದೆ ಹಾಗೇ ಮಕ್ಕಳಿಗೆ ಕೊಟ್ಟು, ತಪ್ಪು ಹುಡುಕಿ ಎಂದರು. ಇಡೀ ತರಗತಿ ನಕ್ಕು ಕೈ ಎತ್ತಿತು.

ಇಂಥ ಉಪಾಯ ತರಬೇತಿಯ ದಿನವೇ ಹುಟ್ಟುವುದಿಲ್ಲ. ಶಿಕ್ಷಕರು ತಮ್ಮ ತರಗತಿಯಲ್ಲಿ ಒಮ್ಮೆ ಮಾಡಿ ನೋಡಿ, ಮತ್ತೆ ಒಟ್ಟಿಗೆ ಕೂತು ಮಾತಾಡುವಾಗ ಹುಟ್ಟುತ್ತದೆ. ತರಬೇತಿಯನ್ನು ಎರಡಾಗಿ ಒಡೆದು ನಡುವೆ ಕೆಲವು ವಾರ ಬಿಡಿ ಎಂದು ನಾನು ಪ್ರತಿ ಸಭೆಯಲ್ಲೂ ಕೇಳುವುದು ಅದಕ್ಕೇ.