ಮೂರು ಊರಿಗೆ ಇಡೀ ದೇಶದ ನಕ್ಷೆ ಯಾಕೆ?

“ಮಾಮಾ, ಮೂರು ದಿನಾ ಆತು, ಇನ್ನೂ ಮುಗಿವಲ್ದು. ಮಷೀನ್ ಬದಲಿ ಮಾಡೂಣೇನು?”

ವಡೋದರಾದಿಂದ ಸೋದರಳಿಯನ ಫೋನು. ಅವನದು ಪಾರ್ಸೆಲ್ ಲೆಕ್ಕ ಇಡುವ ಸಣ್ಣ ಸಾಫ್ಟ್‌ವೇರ್ ಕಚೇರಿ. ಸೂರತ್ ರಿಂಗ್ ರೋಡಿನ ಜವಳಿ ಮಾರ್ಕೆಟ್‌ಗಳಲ್ಲಿ ಕಟ್ಟಿದ ಸೀರೆ ಗಂಟುಗಳು ಅಹಮದಾಬಾದು, ವಡೋದರಾದ ಅಂಗಡಿ, ಮನೆಗಳಿಗೆ ಹೋಗಬೇಕು. ಕೈಯಲ್ಲಿ ಬರೆದ ವಿಳಾಸವನ್ನು ಅಕ್ಷಾಂಶ, ರೇಖಾಂಶಕ್ಕೆ ತಿರುಗಿಸಿ ವ್ಯಾನ್ ಚಾಲಕನ ಮೊಬೈಲಿಗೆ ಕಳಿಸುವುದು ಇವರ ಕೆಲಸ. ಇದಕ್ಕೇ ಜಿಯೋಕೋಡಿಂಗ್ ಎನ್ನುತ್ತಾರೆ. ಅದಕ್ಕಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ‘ನಾಮಿನೇಟಿಮ್’ ಎಂಬ ಉಚಿತ ತಂತ್ರಾಂಶದ ಮೂಲಕ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತುಂಬಲು ಹಚ್ಚಿದ್ದ.

“ಯಾ ಫೈಲ್ ಹಾಕೀದಿ?”

“ಇಡೀ ಇಂಡಿಯಾದ್ದು.”

“ನಿನಗ ಬೇಕಾದ ಊರು ಎಷ್ಟು?”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಮೂರ” ಅಂದ.

ಇಂಪೋರ್ಟ್ ನಿಧಾನವಾಯಿತು ಎಂದ ಕೂಡಲೇ ನಮ್ಮ ಹುಡುಗರ ಕೈ ದೊಡ್ಡ ಸರ್ವರಿನ ಬೆಲೆಪಟ್ಟಿಯತ್ತ ಹೋಗುತ್ತದೆ. ನಾನು ಕಂಡ ಬಹಳಷ್ಟು ಕಡೆ ತಪ್ಪು ಮಷೀನಿನದ್ದಲ್ಲ. ಬೇಡದ ನಕ್ಷೆ ತುಂಬಿದ್ದು, ಇಲ್ಲವೇ ಇಡೀ ಜಗತ್ತಿನ ನಕ್ಷೆಗೆಂದು ಯಾರೋ ಬರೆದಿಟ್ಟ ಸೆಟ್ಟಿಂಗುಗಳನ್ನು ಹಾಗೇ ಎತ್ತಿ ಹಾಕಿಕೊಂಡದ್ದು.

ಸ್ವಂತ ಡೇಟಾಬೇಸ್ ಯಾಕೆ ಬೇಕು, ನಾಮಿನೇಟಿಮ್‌ನ ಸಾರ್ವಜನಿಕ ಸರ್ವರ್ ಇದೆಯಲ್ಲ ಎಂದು ಕೇಳಬಹುದು. ಅಲ್ಲಿ ಸೆಕೆಂಡಿಗೆ ಒಂದು ಪ್ರಶ್ನೆಗಿಂತ ಹೆಚ್ಚು ಕೇಳುವಂತಿಲ್ಲ. ಒಂದು ಲಕ್ಷ ವಿಳಾಸಕ್ಕೆ ಉಸಿರು ಬಿಡದೆ ಕೇಳಿದರೂ 28 ಗಂಟೆ ಬೇಕು. ಅಲ್ಲದೆ ದೇಣಿಗೆಯ ಹಣದಲ್ಲಿ ನಡೆಯುವ ಸರ್ವರಿನ ಮೇಲೆ ವ್ಯಾಪಾರದ ವಿಳಾಸಗಳನ್ನು ರಾಶಿಗಟ್ಟಲೆ ಸುರಿಯುವುದು ಸರಿಯೂ ಅಲ್ಲ.

ಮೊದಲು ಕತ್ತರಿ

ಜರ್ಮನಿಯ ಕಾರ್ಲ್ಸ್‌ರೂಹೆಯ ಜಿಯೋಫ್ಯಾಬ್ರಿಕ್ ಸಂಸ್ಥೆ ಓಪನ್‌ಸ್ಟ್ರೀಟ್‌ಮ್ಯಾಪನ್ನು ದೇಶವಾರು ತುಂಡು ಮಾಡಿ ಉಚಿತವಾಗಿ ಕೊಡುತ್ತದೆ. ಭಾರತದ್ದು ಇಡಿಯಾಗಿಯೂ ಸಿಗುತ್ತದೆ, ವಲಯಗಳಾಗಿಯೂ ಸಿಗುತ್ತದೆ. ಗುಜರಾತ್ ಇರುವುದು ಪಶ್ಚಿಮ ವಲಯದ ಫೈಲಿನಲ್ಲಿ. ಮಹಾರಾಷ್ಟ್ರ, ಗೋವಾ ಕೂಡ ಅದರಲ್ಲೇ. ಡೌನ್‌ಲೋಡ್ ಮಾಡಬೇಕಾದ್ದು ಇದನ್ನು. ಇದೂ ನಮಗೆ ಹೆಚ್ಚೇ. ಮುಂಬೈ, ಪುಣೆಯ ಗಲ್ಲಿಗಳನ್ನೆಲ್ಲ ತುಂಬಿಕೊಂಡು ಏನು ಮಾಡುವುದು?

ಆದ್ದರಿಂದ ‘ಆಸ್ಮಿಯಂ’ ಎಂಬ ಸಲಕರಣೆಯಿಂದ ಇದನ್ನು ಇನ್ನೂ ಸಣ್ಣದಾಗಿ ಕತ್ತರಿಸಿ. ಅದರ ‘ಎಕ್ಸ್‌ಟ್ರಾಕ್ಟ್’ ಆಜ್ಞೆಗೆ ಒಂದು ಚೌಕದ ನಾಲ್ಕು ಅಂಚು ಕೊಟ್ಟರೆ ಸಾಕು: ಎಡ, ಕೆಳಗೆ, ಬಲ, ಮೇಲೆ, ಇದೇ ಕ್ರಮದಲ್ಲಿ. ಅಹಮದಾಬಾದಿಗೆ 72.4, 22.9, 72.75, 23.15. ಪಶ್ಚಿಮದ ಬೋಪಲ್‌ನಿಂದ ಪೂರ್ವದ ನರೋಡಾವರೆಗೆ ಇದರೊಳಗೆ ಬರುತ್ತದೆ. ಗಾಂಧಿನಗರವೂ ಬೇಕೆಂದರೆ ಮೇಲಿನ ಅಂಚನ್ನು 23.3ಕ್ಕೆ ಏರಿಸಿ. ವಡೋದರಾಕ್ಕೆ 73.05, 22.2, 73.3, 22.4. ಸೂರತ್ತಿಗೆ 72.7, 21.05, 72.95, 21.3; ಹಜೀರಾ ಬಂದರಿನ ಕಡೆಯ ಪಾರ್ಸೆಲ್ ಇದ್ದರೆ ಎಡ ಅಂಚು 72.6 ಆಗಲಿ.

ರೇಖಾಂಶ ಮೊದಲು ಬರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಶಾಲೆಯಿಂದಲೂ ಅಕ್ಷಾಂಶ, ರೇಖಾಂಶ ಎಂದೇ ಹೇಳಿ ರೂಢಿಯಾದ ಬಾಯಿ ನಮ್ಮದು. ಅಳಿಯ 23, 72 ಎಂದು ತಿರುಗಿಸಿ ಹಾಕಿದ್ದ. ಹಾಗೆ ಹಾಕಿದರೆ ಆಸ್ಮಿಯಂ ಹುಡುಕುವುದು ಅಹಮದಾಬಾದನ್ನಲ್ಲ, ನಾರ್ವೆಗೂ ಉತ್ತರಕ್ಕಿರುವ ಕಡಲನ್ನು. ಪಶ್ಚಿಮ ವಲಯದ ಫೈಲಿನಲ್ಲಿ ಆ ಕಡಲು ಎಲ್ಲಿಂದ ಬರಬೇಕು? ಕೆಲಸ ಗಡಬಡ ಮುಗಿದು ಖಾಲಿ ಫೈಲ್ ಸಿಕ್ಕಿತ್ತು. “ಮಾಮಾ, ಈಗ ಭಾಳ ಫಾಸ್ಟ್ ಆತು” ಎಂದು ಖುಷಿಯಿಂದ ಹೇಳಿದ್ದ ಪಾಪ.

ಚೌಕದಲ್ಲಿ ಕತ್ತರಿಸುವಾಗ ಇನ್ನೊಂದು ಎಡವಟ್ಟು ಕಾದಿರುತ್ತದೆ. ಜಿಲ್ಲೆ, ತಾಲೂಕುಗಳ ಗಡಿರೇಖೆ ನಮ್ಮ ಚೌಕಗಳಾಚೆಗೂ ಹೋಗುತ್ತದೆ. ಚೌಕದೊಳಗಿನ ತುಣುಕು ಮಾತ್ರ ಉಳಿದರೆ ಗಡಿ ಮುಚ್ಚಿಕೊಳ್ಳುವುದಿಲ್ಲ. ಡೇಟಾಬೇಸಿನಲ್ಲಿ ರಸ್ತೆ ಇರುತ್ತದೆ, ಅದು ಯಾವ ಜಿಲ್ಲೆಯದು ಎಂಬುದು ಇರುವುದಿಲ್ಲ. ಇದಕ್ಕೆ ಆಸ್ಮಿಯಂನಲ್ಲಿ ‘ಸ್ಮಾರ್ಟ್’ ಎಂಬ ವಿಧಾನ ಇದೆ. ಅದನ್ನು ಆರಿಸಿ, ‘ಟೈಪ್ಸ್’ ಎಂಬಲ್ಲಿ ಮಲ್ಟಿಪಾಲಿಗನ್ ಜೊತೆಗೆ ಬೌಂಡರಿಯನ್ನೂ ಬರೆಯಿರಿ. ಆಗ ಚೌಕವನ್ನು ಹಾದುಹೋಗುವ ಗಡಿಗಳು ಪೂರ್ತಿಯಾಗಿ ಬರುತ್ತವೆ. ಅಲ್ಲೇ ‘ಎನಿ’ ಎಂದು ಬರೆಯುವ ಸೋಮಾರಿತನ ಬೇಡ. ಈ ಮೂರೂ ಊರುಗಳನ್ನು ಪೋಣಿಸುವುದು ರಾಷ್ಟ್ರೀಯ ಹೆದ್ದಾರಿ 48. ಅದು ಮುಂದೆ ಮುಂಬೈ, ಪುಣೆ ದಾಟಿ ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರಿನ ಮೇಲೆಯೇ ಚೆನ್ನೈಗೆ ಹೋಗುವ ರಸ್ತೆ. ‘ಎನಿ’ ಎಂದರೆ ಚೌಕದೊಳಗೆ ಒಂದು ತುಂಡು ಕಂಡ ಇಂಥ ಹೆದ್ದಾರಿಯನ್ನು ಆಸ್ಮಿಯಂ ಫೈಲ್ ಮುಗಿಯುವ ತನಕ, ಅಂದರೆ ಹೆಚ್ಚುಕಡಿಮೆ ಕಾಗಲ್‌ವರೆಗೂ, ಬೇರುಸಮೇತ ಎಳೆದು ತರಬಹುದು. ದೇಶದ ಗಡಿಯ ಚಿಂತೆ ಬೇಡ. ನಾಮಿನೇಟಿಮ್ ತನ್ನ ಹೊಟ್ಟೆಯಲ್ಲೇ ದೇಶಗಳ ಒಂದು ಒರಟು ನಕ್ಷೆ ಇಟ್ಟುಕೊಂಡಿದೆ.

ಹೀಗೆ ಸಿಕ್ಕ ಮೂರು ಫೈಲುಗಳನ್ನು ಒಂದೇ ಇಂಪೋರ್ಟಿಗೆ ಒಟ್ಟಿಗೆ ಕೊಡಬಹುದು. ಮೂರನ್ನೂ ಒಂದೇ ದಿನದ ಮೂಲ ಫೈಲಿನಿಂದ ಕತ್ತರಿಸಿರಬೇಕು, ಅಷ್ಟೆ.

ಎಲ್ಲಿ ವೇಗಕ್ಕೆ ಆಸೆಪಡಬಾರದು

ನಾಮಿನೇಟಿಮ್‌ನಲ್ಲಿ ಐದು ಇಂಪೋರ್ಟ್ ಶೈಲಿಗಳಿವೆ: ಅಡ್ಮಿನ್, ಸ್ಟ್ರೀಟ್, ಅಡ್ರೆಸ್, ಫುಲ್, ಎಕ್ಸ್‌ಟ್ರಾಟ್ಯಾಗ್ಸ್. ಮೊದಲನೆಯದರಲ್ಲಿ ಊರು, ಜಿಲ್ಲೆಯ ಗಡಿಗಳಷ್ಟೇ. ಎರಡನೆಯದಕ್ಕೆ ರಸ್ತೆ ಸೇರುತ್ತದೆ. ಮೂರನೆಯದಕ್ಕೆ ಮನೆ ನಂಬರು. ‘ಫುಲ್’ನಲ್ಲಿ ಅಂಗಡಿ, ಗುಡಿ, ಆಸ್ಪತ್ರೆ, ಪೆಟ್ರೋಲ್ ಬಂಕ್ ಎಲ್ಲ. ಕಡಿಮೆ ಆರಿಸಿದಷ್ಟೂ ಬೇಗ ಮುಗಿಯುತ್ತದೆ. ಯುರೋಪಿನ ಊರಾಗಿದ್ದರೆ ನಾನೂ ‘ಅಡ್ರೆಸ್’ ಸಾಕು ಎನ್ನುತ್ತಿದ್ದೆ.

ಆದರೆ ಗುಜರಾತಿನ ವಿಳಾಸ ಹೇಗಿರುತ್ತದೆ ನೋಡಿ. ಬಂಗಲೆ ನಂಬರು, ಸೊಸೈಟಿಯ ಹೆಸರು, ಇಂಥ ಗುಡಿಯ ‘ಸಾಮೆ’ ಎಂದರೆ ಎದುರಿಗೆ, ವಿಜಯ್ ಚಾರ್ ರಸ್ತಾ ‘ಪಾಸೆ’ ಎಂದರೆ ಹತ್ತಿರ, ನವರಂಗಪುರ, 380009. ರಸ್ತೆಯ ಹೆಸರೇ ಇಲ್ಲ! ಹಳೇ ಅಹಮದಾಬಾದಿನ ಪೋಳ್‌ಗಳಲ್ಲಂತೂ, ಅಂದರೆ ಒಂದೇ ಬಾಗಿಲಿನ ಹಿಂದೆ ಹತ್ತಾರು ಮನೆ ಅಡಗಿರುವ ಓಣಿಗಳಲ್ಲಿ, ಪೋಳ್‌ನ ಹೆಸರೇ ವಿಳಾಸ. ಇಲ್ಲಿ ಗುಡಿ, ವೃತ್ತ, ಸೊಸೈಟಿ ಇಲ್ಲದ ಡೇಟಾಬೇಸ್ ಎಷ್ಟು ಬೇಗ ತುಂಬಿದರೂ ಕೆಲಸಕ್ಕೆ ಬಾರದು. ‘ಫುಲ್’ ಶೈಲಿಯನ್ನೇ ಇಟ್ಟುಕೊಳ್ಳಿ. ಹುಡುಕುವ ಮುನ್ನ ‘ಸಾಮೆ’, ‘ಪಾಸೆ’ಗಳನ್ನು ನಿಮ್ಮ ಪ್ರೋಗ್ರಾಮಿನಲ್ಲೇ ಕಿತ್ತುಹಾಕಿ.

ವಿಕಿಪೀಡಿಯ ಆಧರಿಸಿ ಸ್ಥಳಗಳ ಮಹತ್ವ ಲೆಕ್ಕ ಹಾಕಿದ ಫೈಲೊಂದನ್ನು ನಾಮಿನೇಟಿಮ್ ತಂಡ ಕೊಡುತ್ತದೆ. ಸಮಯ ಉಳಿಸಲೆಂದು ಅದನ್ನು ಬಿಡುವವರಿದ್ದಾರೆ. ಬಿಡಬೇಡಿ. ಗುಜರಾತಿನಲ್ಲಿ ಮಾಂಡ್ವಿ ಎಂದರೆ ಕಛ್‌ನ ಬಂದರು ಊರು, ಸೂರತ್ ಜಿಲ್ಲೆಯ ತಾಲೂಕು ಊರು, ವಡೋದರಾದ ಹಳೇಪೇಟೆಯ ನಡುವಿನ ಮಂಟಪ, ಮೂರೂ ಹೌದು. ಮುಂದೆ ಚೌಕ ಹಿಗ್ಗಿಸಿದಾಗ ಯಾವುದು ಮೊದಲು ಬರಬೇಕೆಂದು ಹೇಳಲು ಅದೇ ಬೇಕು.

100 ಜಿಬಿಯ ಖಾಲಿ ರಿಜಿಸ್ಟರ್

ಅಳಿಯನ ಸೆಟ್ಟಿಂಗ್ ಫೈಲಿನಲ್ಲಿ ‘ಫ್ಲಾಟ್‌ನೋಡ್ ಫೈಲ್’ ಎಂಬ ಸಾಲು ಇತ್ತು. ಎಲ್ಲಿಂದ ಬಂತು ಎಂದರೆ, ದೊಡ್ಡ ಇಂಪೋರ್ಟಿಗೆ ಒಳ್ಳೆಯದಂತೆ ಅಂದ. ನಿಜವೇ, ಇಡೀ ಜಗತ್ತನ್ನೋ ಒಂದು ಖಂಡವನ್ನೋ ತುಂಬುವವರಿಗೆ.

ಓಪನ್‌ಸ್ಟ್ರೀಟ್‌ಮ್ಯಾಪಿನ ಪ್ರತಿ ಬಿಂದುವಿಗೂ ಒಂದು ಕ್ರಮಸಂಖ್ಯೆ ಇದೆ. ಆ ಸಂಖ್ಯೆ ಈಗ 1,200 ಕೋಟಿ ದಾಟಿದೆ. ಫ್ಲಾಟ್‌ನೋಡ್ ಎಂದರೆ ಸಂಖ್ಯೆಗೊಂದು ಸಾಲಿನಂತೆ ಗೆರೆ ಹಾಕಿಟ್ಟ ರಿಜಿಸ್ಟರ್, ಒಂದೊಂದು ಸಾಲಿಗೆ 8 ಬೈಟ್. ಗುಣಿಸಿ ನೋಡಿದರೆ ಹತ್ತಿರಹತ್ತಿರ 100 ಜಿಬಿ. ನೀವು ಬರೆಯುವುದು ವಡೋದರಾದ ಅಲಕಾಪುರಿಯ ಬಿಂದುಗಳನ್ನಷ್ಟೇ ಇರಬಹುದು. ನಿನ್ನೆ ಸೇರಿಸಿದ ಬಿಂದುವಿನ ಸಾಲು ರಿಜಿಸ್ಟರಿನ ಕೊನೆಯಲ್ಲಿರುವುದರಿಂದ ಫೈಲ್ ಅಷ್ಟೇ ದೊಡ್ಡದಾಗುತ್ತದೆ. ಮೂರು ಊರಿಗೆ ಆ ಸಾಲನ್ನು ಅಳಿಸಿಬಿಡಿ. ಅದರ ಬದಲು ನಕ್ಷೆ ಓದುವ ‘ಓಎಸ್‌ಎಂ2ಪಿಜಿಎಸ್‌ಕ್ಯೂಎಲ್’ಗೆ ಕ್ಯಾಶ್ ಮೆಮೊರಿ ಕೊಡಿ. ನಕ್ಷೆ ಫೈಲಿನ ಗಾತ್ರದಷ್ಟು ಸಾಕು. ರ‍್ಯಾಮಿನ ಮೂರರಲ್ಲಿ ಎರಡು ಭಾಗವನ್ನು ಮಾತ್ರ ಎಂದೂ ಮೀರಬಾರದು. ಮೀರಿದರೆ ಮಷೀನು ಡಿಸ್ಕನ್ನೇ ಮೆಮೊರಿಯಂತೆ ಬಳಸಲು ಹೋಗಿ ಎತ್ತಿನಗಾಡಿಯಾಗುತ್ತದೆ.

ಪೋಸ್ಟ್‌ಗ್ರೆಸ್‌ನ ಚೋಪ್ಡಾ

ಗುಜರಾತಿ ಅಂಗಡಿಗಳಲ್ಲಿ ದೀಪಾವಳಿಗೆ ಪೂಜೆಗಿಡುವ ಕೆಂಪು ಲೆಕ್ಕದ ಪುಸ್ತಕಕ್ಕೆ ಚೋಪ್ಡಾ ಎನ್ನುತ್ತಾರೆ. ಪೋಸ್ಟ್‌ಗ್ರೆಸ್ ಕೂಡ ಯಾವುದೇ ಬದಲಾವಣೆಯನ್ನು ಮೊದಲು ಇಂಥ ಒಂದು ದಿನವಹಿಯಲ್ಲಿ ಬರೆದು, ಆಮೇಲೆ ಮೂಲ ಟೇಬಲ್ಲಿಗೆ ಇಳಿಸುತ್ತದೆ. ಕರೆಂಟು ಹೋದರೂ ಲೆಕ್ಕ ತಪ್ಪದಿರಲಿ ಎಂದು. ಪ್ರತಿ ಸಲವೂ ಅದು ಡಿಸ್ಕಿನ ಮೇಲೆ ನಿಜವಾಗಿ ಕೂತಿತೇ ಎಂದು ಕಾಯುತ್ತದೆ. ಇಂಪೋರ್ಟಿನಲ್ಲಿ ವೇಳೆ ಸೋರುವ ಜಾಗಗಳಲ್ಲಿ ಇದೊಂದು.

ಮೊದಲ ಸಲ ತುಂಬುವಾಗ ಈ ಕಾಯುವಿಕೆಯನ್ನು ನಿಲ್ಲಿಸಬಹುದು. ಪೋಸ್ಟ್‌ಗ್ರೆಸ್‌ನ ಕಾನ್ಫಿಗ್ ಫೈಲಿನಲ್ಲಿ ‘ಎಫ್‌ಸಿಂಕ್’, ‘ಫುಲ್ ಪೇಜ್ ರೈಟ್ಸ್’, ‘ಸಿಂಕ್ರನಸ್ ಕಮಿಟ್’ ಮೂರನ್ನೂ ಆಫ್ ಮಾಡಿ. ‘ಚೆಕ್‌ಪಾಯಿಂಟ್ ಟೈಮ್‌ಔಟ್’ ಸುಮ್ಮನೆ ಬಿಟ್ಟರೆ 5 ನಿಮಿಷ ಇರುತ್ತದೆ, 60 ನಿಮಿಷಕ್ಕೆ ಏರಿಸಿ. ‘ಷೇರ್ಡ್ ಬಫರ್ಸ್’ 2 ಜಿಬಿ. ‘ಮೆಂಟೆನೆನ್ಸ್ ವರ್ಕ್ ಮೆಮ್’ ಇಂಡೆಕ್ಸ್ ಕಟ್ಟುವಾಗ ಬೇಕಾಗುವ ಜಾಗ. ದೊಡ್ಡ ಸರ್ವರುಗಳಿಗೆ 10 ಜಿಬಿ ಎಂದು ಬರೆದಿರುತ್ತಾರೆ. 16 ಜಿಬಿ ರ‍್ಯಾಮಿನ ಕಚೇರಿ ಮಷೀನಿಗೆ ನಾನು 2 ಜಿಬಿ ಕೊಡಿಸಿದೆ. ಎಸ್‌ಎಸ್‌ಡಿ ಇದ್ದರೆ ‘ರ‍್ಯಾಂಡಮ್ ಪೇಜ್ ಕಾಸ್ಟ್’ 1 ಮಾಡಿ. ಅದು 4 ಎಂದು ಇರುವುದು ತಿರುಗುವ ಹಾರ್ಡ್ ಡಿಸ್ಕಿನ ಕಾಲದ ಲೆಕ್ಕ. ಇನ್ನೂ ಅಂಥ ಡಿಸ್ಕೇ ಇದ್ದರೆ ಮಾತ್ರ ಅಳಿಯನ ‘ಮಷೀನ್ ಬದಲಿ’ ಮಾತಿಗೆ ನಾನೂ ಹೂಂ ಅನ್ನುತ್ತೇನೆ, ಅದೂ ಡಿಸ್ಕ್ ಒಂದಕ್ಕೇ.

‘ಆಟೊವ್ಯಾಕ್ಯೂಮ್’ ಅನ್ನು ಮಾತ್ರ ಮುಟ್ಟಬೇಡಿ. ಕಸ ಆಮೇಲೆ ಗುಡಿಸಿದರಾಯಿತು, ಈಗ ನಿಲ್ಲಿಸೋಣ ಎಂಬ ಬುದ್ಧಿ ಎಲ್ಲರಿಗೂ ಬರುತ್ತದೆ. ಟೇಬಲ್ಲಿನಲ್ಲಿ ಎಷ್ಟು ಸಾಲಿವೆ, ಹೇಗೆ ಹರಡಿವೆ ಎಂಬ ಅಂದಾಜನ್ನು ತಾಜಾ ಇಡುವುದೂ ಅದೇ. ಅದು ನಿಂತರೆ ಲಕ್ಷ ಸಾಲಿನ ಟೇಬಲ್ಲನ್ನು ಖಾಲಿ ಎಂದು ತಿಳಿದು ಪೋಸ್ಟ್‌ಗ್ರೆಸ್ ಪ್ರತಿ ಹುಡುಕಾಟಕ್ಕೂ ಮೊದಲಿನಿಂದ ಕೊನೆತನಕ ಓದುತ್ತ ಕೂರಬಹುದು.

ಎಫ್‌ಸಿಂಕ್ ಆಫ್ ಇದ್ದಾಗ ಕರೆಂಟು ಹೋಗಿ ಮಷೀನು ಆರಿದರೆ ಆ ಡೇಟಾಬೇಸನ್ನು ನಂಬಬೇಡಿ, ಅಳಿಸಿ ಮತ್ತೆ ಶುರು ಮಾಡಿ. ಯುಪಿಎಸ್ ಇರಲಿ.

ಹಚ್ಚಿ, ನೋಡುತ್ತಿರಿ

ಸರ್ವರ್ ದೂರದಲ್ಲಿದ್ದರೆ ‘ಟಿಮಕ್ಸ್’ ಒಳಗೆ ಇಂಪೋರ್ಟ್ ಹಚ್ಚಿ. ಇಂಟರ್‌ನೆಟ್ ಕಡಿದರೂ ಕೆಲಸ ನಿಲ್ಲುವುದಿಲ್ಲ. ‘ಥ್ರೆಡ್ಸ್’ ಎಂಬಲ್ಲಿ ಪ್ರೊಸೆಸರ್ ಕೋರ್‌ಗಳಷ್ಟು ಸಂಖ್ಯೆ ಕೊಡಿ. ‘ರಿವರ್ಸ್ ಓನ್ಲಿ’ ಆಯ್ಕೆ ವಿಳಾಸ ಹುಡುಕುವವರಿಗೆ ಅಲ್ಲವೇ ಅಲ್ಲ. ಅದರಿಂದ ಉಳಿಯುವ ಸಮಯವೂ ಅಷ್ಟಕ್ಕಷ್ಟೆ. ‘ನೋ ಅಪ್‌ಡೇಟ್ಸ್’ ಕೊಡಿ, ಕಾರಣ ಕೊನೆಗೆ ಹೇಳುತ್ತೇನೆ.

ನಕ್ಷೆ ಓದುವುದು ಮೊದಲ ಹಂತ. ಹೆಚ್ಚು ಹೊತ್ತು ಹಿಡಿಯುವುದು ಅದಾದ ಮೇಲಿನ ಇಂಡೆಕ್ಸಿಂಗ್. ಲಕೋಟೆಯ ವಿಳಾಸವನ್ನು ಕೆಳಗಿನಿಂದ ಮೇಲಕ್ಕೆ ಓದಿದ ಹಾಗೆ ಇದು ನಡೆಯುತ್ತದೆ: ದೇಶಕ್ಕೆ ರ‍್ಯಾಂಕ್ 4, ರಾಜ್ಯಕ್ಕೆ 8, ನಗರಕ್ಕೆ 16, ರಸ್ತೆಗೆ 26, ಮನೆ ಅಂಗಡಿಗಳಿಗೆ 30. ಪ್ರತಿ ರಸ್ತೆ ಯಾವ ಬಡಾವಣೆಯದು, ಪ್ರತಿ ಮನೆ ಯಾವ ರಸ್ತೆಯದು ಎಂದು ಇಲ್ಲಿ ತೀರ್ಮಾನವಾಗುತ್ತದೆ. ಪರದೆಯ ಮೇಲೆ ಸೆಕೆಂಡಿಗೆ ಎಷ್ಟು, ಇನ್ನೆಷ್ಟು ಹೊತ್ತು ಎಂದು ಸಾಲುಗಳು ಓಡುತ್ತಿರುತ್ತವೆ. ಆ ಅಂದಾಜು ಆಗಿನ ರ‍್ಯಾಂಕಿಗೆ ಸೇರಿದ್ದು. 20ರಲ್ಲಿ ‘ಇನ್ನು ಕೆಲವೇ ಸೆಕೆಂಡು’ ಎಂದು ಕಂಡು ಚಹಾಕ್ಕೆ ಎದ್ದವರು 26ರಲ್ಲಿ ಮತ್ತೆ ಕೂರಬೇಕಾಗುತ್ತದೆ. ನಡುವೆ ಪ್ರೋಗ್ರಾಮು ನಿಂತುಹೋದರೆ ಎಲ್ಲವನ್ನೂ ಅಳಿಸಬೇಡಿ. ‘ಕಂಟಿನ್ಯೂ ಇಂಡೆಕ್ಸಿಂಗ್’ ಎಂದು ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಮುಗಿದ ಮೇಲೆ ‘ಚೆಕ್ ಡೇಟಾಬೇಸ್’ ಆಜ್ಞೆ ಓಡಿಸಿ, ಎಫ್‌ಸಿಂಕ್ ಮತ್ತು ಫುಲ್ ಪೇಜ್ ರೈಟ್ಸ್ ಮತ್ತೆ ಆನ್ ಮಾಡಿ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಿ. ಮಾಣೆಕ್ ಚೌಕ್, ಲಕ್ಷ್ಮೀ ವಿಲಾಸ್ ಪ್ಯಾಲೆಸ್, ಅಡಾಜಣ್ ಎಂದು ಊರಿಗೊಂದು ಹೆಸರು ಹುಡುಕಿ ನೋಡಿ. ಬರೋಡಾ, ಅಮ್ದಾವಾದ್ ಎಂದೂ ಕೇಳಿ. ಪಾರ್ಸೆಲ್ಲಿನ ಮೇಲೆ ಜನ ಬರೆಯುವುದು ಹಾಗೇ.

ಇನ್ನು ಆ ‘ನೋ ಅಪ್‌ಡೇಟ್ಸ್’. ಜಿಯೋಫ್ಯಾಬ್ರಿಕ್ ದಿನದಿನದ ಬದಲಾವಣೆ ಕೊಡುವುದು ತನ್ನ ವಲಯಗಳಿಗೆ, ನೀವು ಕತ್ತರಿಸಿದ ಚೌಕಗಳಿಗಲ್ಲ. ಅದನ್ನೇ ಹಾಕಿದರೆ ನಾಗಪುರದ ಹೊಸ ರಸ್ತೆ, ಪಣಜಿಯ ಹೊಸ ಹೋಟೆಲ್ ನಿಮ್ಮ ಡೇಟಾಬೇಸಿಗೆ ಬಂದು ಕೂರುತ್ತವೆ. ಮೂರೇ ಊರಿನ ನಕ್ಷೆಯನ್ನು ತಿಂಗಳಿಗೊಮ್ಮೆ ಹೊಸದಾಗಿ, ಬೇರೆ ಹೆಸರಿನ ಡೇಟಾಬೇಸಿಗೆ ತುಂಬಿ, ಸೆಟ್ಟಿಂಗಿನ ‘ಡೇಟಾಬೇಸ್ ಡಿಎಸ್‌ಎನ್’ ಸಾಲಿನಲ್ಲಿ ಹೆಸರು ಬದಲಿಸುವುದೇ ಸಲೀಸು. ಹಳೆಯದನ್ನು ಎರಡು ದಿನ ಇಟ್ಟುಕೊಂಡು ಆಮೇಲೆ ಅಳಿಸಿ. ಎಫ್‌ಸಿಂಕ್ ಇಡೀ ಪೋಸ್ಟ್‌ಗ್ರೆಸ್‌ಗೆ ಅನ್ವಯಿಸುವ ಸೆಟ್ಟಿಂಗ್ ಆದ್ದರಿಂದ, ಹಳೆಯದು ಕೆಲಸದಲ್ಲಿರುವಾಗ ಹೊಸದನ್ನು ತುಂಬುವುದಾದರೆ ಅದನ್ನು ಆಫ್ ಮಾಡಬೇಡಿ. ಸ್ವಲ್ಪ ನಿಧಾನವಾದರೆ ಆಗಲಿ.

ಅಳಿಯ ಈಗ ತಿಂಗಳ ಮೊದಲ ಭಾನುವಾರ ರಾತ್ರಿ ಇದನ್ನು ಹಚ್ಚುತ್ತಾನೆ. “ಊಟಕ್ಕ ಹೋಗಿ ಬರೋದ್ರಾಗ ಮುಗದಿರ್ತದ ಮಾಮಾ” ಅಂದ ಮೊನ್ನೆ. ಹೊಸ ಮಷೀನಿನ ಕೊಟೇಶನ್ ಇನ್ನೂ ಅವನ ಮೇಜಿನ ಮೇಲಿದೆಯಂತೆ, ಅದರ ಹಿಂಬದಿಯಲ್ಲಿ ಮೂರು ಚೌಕಗಳ ಅಂಚು ಬರೆದುಕೊಂಡಿದ್ದಾನೆ.