ಪೋಡಿನಿಂದ ಹೋದ ಮಾತು ಪೋಡಿಗೂ ಬರಲಿ

ಚಾಮರಾಜನಗರ, ಗುಂಡ್ಲುಪೇಟೆಯ ಹಳ್ಳಿಗಳಲ್ಲಿ ಪ್ರಶ್ನಾವಳಿ ಹಿಡಿದು ಓಡಾಡುವ ಸಂಶೋಧನಾ ವಿದ್ಯಾರ್ಥಿಗಳೇ, ನಿಮ್ಮ ಬರಹ ಯಾರಿಗೇ ಆಗಲಿ ದುಡ್ಡಿಲ್ಲದೆ ಓದಲು ಸಿಗುವಂತೆ ಪ್ರಕಟಿಸಿ. ಸೋಲಿಗ ಬುಡಕಟ್ಟಿನವರ ಊರಾದ ಪೋಡಿನಲ್ಲೋ ಬಂಡೀಪುರದ ಅಂಚಿನ ಹೊಲದಲ್ಲೋ ಕೂಲಿ ಬಿಟ್ಟು ಕೂತು ನಿಮಗೆ ಉತ್ತರ ಕೊಟ್ಟವರ ಮಕ್ಕಳಿಗೆ ಆ ಬರಹ ಎಟುಕದಿದ್ದರೆ ಅದು ಅನ್ಯಾಯ.

ಎಲ್ಲರ ಕೈಗೂ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆಯೊಂದಿದೆ. ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯ 1928ರಿಂದ 1935ರವರೆಗೆ ಹೊರತಂದಿತು. ಈಗ ಅವು ಇಂಟರ್ನೆಟ್ ಆರ್ಕೈವ್‌ನಿಂದ ಮೊಬೈಲಿಗೇ ಇಳಿಯುತ್ತವೆ. ಜಾತಿ, ಬುಡಕಟ್ಟುಗಳ ಬಗ್ಗೆ ಅಲ್ಲಿನ ಕೆಲವು ಮಾತುಗಳು ಇಂದು ಚುಚ್ಚುತ್ತವೆ. ಓದಲು ಸಿಕ್ಕಿದ್ದರಿಂದಲೇ ಪ್ರಶ್ನಿಸಲೂ ಸಾಧ್ಯ. ಲಂಡನ್ನಿನ ಯುಸಿಎಲ್ ಪ್ರೆಸ್ 2015ರಿಂದ ಹೊಸ ಪುಸ್ತಕಗಳನ್ನೇ ಹೀಗೆ ಉಚಿತವಾಗಿ ಕೊಡುತ್ತಿದೆ. ನಮ್ಮ ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳೂ ಹೀಗೆ ಮಾಡಬೇಕೆಂದು ಕೇಳಿ.

ನಿಮ್ಮ ಪಿಎಚ್.ಡಿ. ಪ್ರಬಂಧ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾಕ್ಕೆ ಸೇರಿತೇ ಎಂದು ನೀವೇ ನೋಡಿ. ಹಣ ಪಡೆದು, ಯಾರಿಂದಲೂ ಪರಿಶೀಲಿಸದೆ ಅಚ್ಚು ಹಾಕುವ ಪತ್ರಿಕೆಗಳ ಹತ್ತಿರ ಹೋಗಬೇಡಿ. ಮಾತಾಡಿದವರ ಹೆಸರು, ಜಮೀನಿನ ತಗಾದೆ ಬಯಲಾಗದಂತೆ ಎಚ್ಚರ ವಹಿಸಿ. ಕಾಡಿನ ಔಷಧಿ ಗಿಡಗಳ ಜಾಗ ಬರೆಯುವ ಮುನ್ನ ಪೋಡಿನ ಹಿರಿಯರ ಒಪ್ಪಿಗೆ ಪಡೆಯಿರಿ. ಕನ್ನಡದಲ್ಲಿ ಎರಡು ಪುಟದ ಸಾರಾಂಶ ಬರೆದು, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿ.