ಸಂಬಳದಲ್ಲಿ ಗುರುವಿನ ಪಾಲು

ಸಂಬಳ ಬಿದ್ದ ದಿನವೇ ನನ್ನ ಖಾತೆಯಿಂದ ಮೂರು ಕಡೆ ಹಣ ಹೋಗುತ್ತದೆ: ಮನೆ ಬಾಡಿಗೆಗೆ, ಆರ್‌ಡಿಗೆ, ನನ್ನ ಗುರುವಿಗೆ. ಕೈಗೆ ಬರುವ 22,000 ರೂಪಾಯಿಯಲ್ಲಿ ಗುರುವಿನ ಪಾಲು 2,000. ತಿಂಗಳ ಕೊನೆಗೆ ಉಳಿದರೆ ಕೊಡೋಣ ಅನ್ನುವ ಬಾಬತ್ತಲ್ಲ ಅದು. ಹೆತ್ತ ಮನೆ ಬಾಗಿಲು ಹಾಕಿಕೊಂಡಾಗ ಅನ್ನ ಇಟ್ಟ ಮನೆ ಗುರುವಿನದು, ಅದಕ್ಕೇ ಆ ಪಾಲು ಬಾಡಿಗೆಯಷ್ಟೇ ಕಡ್ಡಾಯ. "ಬುಡವ್ವ, ಆಫೀಸ್ನೋಳು ನೀನು, ನಿಂಗೇ ಖರ್ಚು ಜಾಸ್ತಿ" ಅಂತ ಆಕೆ ಪ್ರತಿ ಸಲವೂ ಅನ್ನುತ್ತಾಳೆ. ನಾನು ಕಳಿಸುತ್ತಲೇ ಇದ್ದೇನೆ.

ನನ್ನ ಕೆಲಸ ಚಾಮರಾಜನಗರದ ಆಡಿಟರ್ ಕಚೇರಿಯೊಂದರಲ್ಲಿ, ವಾಸ ಗುಂಡ್ಲುಪೇಟೆಯಲ್ಲಿ. ತೆರಕಣಾಂಬಿ ದಾಟಿ ಬರುವ ಬಸ್ಸಿನ ಖರ್ಚು ಈಗಿಲ್ಲ. 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ ಉಚಿತ ಪ್ರಯಾಣಕ್ಕೆ ಮಹಿಳೆಯರ ಜೊತೆ ನಮ್ಮಂಥ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿಕೊಂಡಿತು. ಹಾಗೆ ಉಳಿದ ದುಡ್ಡನ್ನು ಹಾರ್ಮೋನ್ ಮಾತ್ರೆ, ಲೇಸರ್, ಸೀರೆಗಳಿಗೆ ಎತ್ತಿಡುತ್ತೇನೆ. ಇದನ್ನು ಶೋಕಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗಡ್ಡದ ಬುಡ ಕಾಣಿಸೀತೆಂಬ ಭಯದಲ್ಲಿ ಮುಖ ತಗ್ಗಿಸಿ ಕೂತವಳಿಗೆ ಗಿರಾಕಿಯ ಎದುರು ಜಿಎಸ್‌ಟಿ ಲೆಕ್ಕ ವಿವರಿಸುವ ಧೈರ್ಯ ಎಲ್ಲಿಂದ ಬರಬೇಕು?

ಈ ಖರ್ಚು, ಉಳಿತಾಯ ಎಲ್ಲದಕ್ಕೂ ಮೊದಲು ಕಾಗದಪತ್ರ ಸರಿಯಾಗಬೇಕು. ಒಂದು ಬ್ಯಾಂಕಿನ ಕೌಂಟರಿನಲ್ಲಿ ಗುಮಾಸ್ತರು ನನ್ನ ಪಾಸ್‌ಬುಕ್ ನೋಡಿ, ಮುಖ ನೋಡಿ, ಹಿಂದಿನ ಸಾಲಿಗೆಲ್ಲ ಕೇಳುವಂತೆ ನನ್ನ ಹಳೆಯ ಹೆಸರನ್ನು ಕೂಗಿದ್ದರು. ಅರ್ಜಿಗಳಲ್ಲಿ ತೃತೀಯ ಲಿಂಗಕ್ಕೂ ಜಾಗ ಇರಲಿ ಎಂದು ರಿಸರ್ವ್ ಬ್ಯಾಂಕ್ 2015ರಲ್ಲೇ ಹೇಳಿತ್ತು. ಪ್ಯಾನ್ ಅರ್ಜಿಯಲ್ಲಿ 2018ರಿಂದ ಆ ಆಯ್ಕೆ ಇದೆ. 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಪ್ರಮಾಣಪತ್ರ ಸಿಕ್ಕ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್, ಪಿಎಫ್ ಎಲ್ಲದರಲ್ಲೂ ಒಂದೇ ಹೆಸರು ಮಾಡಿಸಿದೆ. ಅಲೆದಾಟಕ್ಕೆ ರಜೆ ಹೋಯಿತು, ಹೋದರೂ ಲಾಭವೇ. ಹೆಸರು ತಾಳೆಯಾಗದಿದ್ದರೆ ಪಿಎಫ್ ಹಣವೂ ಸಿಗದು, ಸಾಲವೂ ಹುಟ್ಟದು.

ಸಾಲದ ಮಾತಿಗೆ ನಮ್ಮ ಜಿಲ್ಲೆಯವರು ಬೆಚ್ಚುತ್ತಾರೆ. 2025ರ ಜನವರಿಯಲ್ಲಿ ಮೈಕ್ರೊಫೈನಾನ್ಸ್ ವಸೂಲಿಗೆ ಹೆದರಿ ಹೆಗ್ಗವಾಡಿಪುರದಂಥ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಆ ಕಿರುಕುಳ ತಡೆಯಲು ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ಸಿಗುವ ಹೆಂಗಸರ ಸಂಘಕ್ಕೂ ಸೇರಿಸಿಕೊಳ್ಳದ ನಮ್ಮವರಿಗೆ ಉಳಿಯುವುದು ಮೀಟರ್ ಬಡ್ಡಿಯವರು. ನಿರ್ವಾಣಕ್ಕೆ, ಅಂದರೆ ಹೆಣ್ಣಾಗುವ ಶಸ್ತ್ರಚಿಕಿತ್ಸೆಗೆ, ಆಮೇಲೆ ನಲವತ್ತನೇ ದಿನದ ಶಾಸ್ತ್ರಕ್ಕೆ ಹಾಗೆ ಸಾಲ ಎತ್ತಿ ವರ್ಷಗಟ್ಟಲೆ ಬಡ್ಡಿ ಕಟ್ಟುವವರನ್ನು ಕಂಡು ಹೊಟ್ಟೆ ಉರಿಯುತ್ತದೆ. ಶಸ್ತ್ರಚಿಕಿತ್ಸೆ ಆರು ತಿಂಗಳು ತಡವಾಗಲಿ, ಆರ್‌ಡಿ ಮುಗಿಯಲಿ ಎಂದು ಗುರುವಿನ ಚೇಲಾಗಳಿಗೆ, ಅಂದರೆ ಶಿಷ್ಯೆಯರಿಗೆ, ಹೇಳುತ್ತೇನೆ. ಶಾಸ್ತ್ರ ಬೇಡ ಎನ್ನುವುದಿಲ್ಲ. ಅದಕ್ಕೆ ನಾನೂ ರಜೆ ಹಾಕಿ ಹೋಗುತ್ತೇನೆ, ಅರ್ಜಿಯಲ್ಲಿ 'ಮನೆಯ ಕಾರ್ಯ' ಎಂದೇ ಬರೆಯುತ್ತೇನೆ. ಸಾಹೇಬರಿಗೆ ಯಾವ ಮನೆ ಎಂದು ಗೊತ್ತು.

ಆ ಮನೆ ಕಾನೂನಿನ ಕಣ್ಣಿಗೆ ಕಾಣುವುದಿಲ್ಲ, ನನಗೆ ಚಿಂತೆ ಇರುವುದು ಅಲ್ಲೇ. ನಾನು ವಿಲ್ ಬರೆಯದೆ ಸತ್ತರೆ ನನ್ನ ಉಳಿತಾಯ ಬಾಗಿಲು ಹಾಕಿಕೊಂಡ ರಕ್ತಸಂಬಂಧಿಗಳಿಗೇ ಹೋಗುತ್ತದೆ. ಗುರುವಿಗೆ ಬಿಡಿಗಾಸೂ ಇಲ್ಲ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಇಡಬಹುದು, ಗುರುವಿನ ಹೆಸರನ್ನೂ ಬರೆಸಬಹುದು. ಆದರೆ ನಾಮಿನಿ ಹಣ ಪಡೆದುಕೊಳ್ಳುವವರಷ್ಟೇ, ವಾರಸುದಾರರಲ್ಲ. ಅದಕ್ಕೇ ವಿಲ್ ಬೇಕು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆಯಬಹುದು, ಛಾಪಾ ಕಾಗದ ಬೇಡ. ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರಿಂದಲೇ ಸಾಕ್ಷಿ ಹಾಕಿಸಬೇಡಿ. ನೋಂದಣಿ ಕಡ್ಡಾಯವಲ್ಲ, ಆದರೂ ಮನೆಯವರು ತಕರಾರು ತೆಗೆಯುವ ಭಯವಿದ್ದರೆ ಉಪನೋಂದಣಿ ಕಚೇರಿಗೆ ಹೋಗಿ ಮಾಡಿಸಿಬಿಡಿ. ನನ್ನದು ಆಗಿದೆ. ಈಗ ಗುರುವಿನದು ಬರೆಸಬೇಕು: ಆಕೆಯ ಎರಡು ಬಳೆ, ಒಂದು ಸರ ಯಾವ ಚೇಲಾಗೆ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.